ದಪ್ಪಕ್ಷರದ ಪುಟ

ಒಂದೇ ಬಾವಿಯ ನೀರನ್ನು ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ಸೇದುತ್ತಿದ್ದರೆ, ಮುಖ ನೋಡದೆಯೂ ಜಗಳವಾಡಬಹುದು. ಹಗ್ಗವನ್ನು ಸುತ್ತದೆ ಬಿಟ್ಟುಹೋದರು ಎಂದು ಇವರು, ಸುತ್ತಿಟ್ಟು ಗಂಟು ಮಾಡಿದರು ಎಂದು ಅವರು. ಪುಟದಕ್ಕನಿಗೂ ದನದ ಡಾಕ್ಟರಿಗೂ ನಡೆದದ್ದು ಅಂಥದೇ ಜಗಳ. ಬಾವಿಯ ಜಾಗದಲ್ಲಿ ಒಂದು ಕಂಪ್ಯೂಟರ್ ಇತ್ತು, ಅಷ್ಟೇ.

ಪುಟದಕ್ಕ ಪ್ರೆಸ್ಸಿನ ಮಹಡಿಯ ಕೋಣೆಯಲ್ಲಿ ಕೂತು ಪುಸ್ತಕಗಳಿಗೆ ಪುಟ ಕಟ್ಟುವವಳು. ಕೆಳಗೆ ಯಂತ್ರ ಓಡಿದರೆ ಮೇಲೆ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು; ನಡುಕ ನಿಂತರೆ ಕಾಗದ ಮುಗಿಯಿತೆಂದು ಅವಳಿಗೆ ಗೊತ್ತಾಗುತ್ತಿತ್ತು. ವಯಸ್ಸು ಮೂವತ್ತು ದಾಟಿ ಒಂದಷ್ಟು ದೂರ ಬಂದಿತ್ತು. ಅಣ್ಣ ಅತ್ತಿಗೆಯ ಮನೆಯಲ್ಲಿ ಇದ್ದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಪುಟದಕ್ಕ ಎಂದರು, ಅದೇ ಉಳಿಯಿತು. ಎಪ್ಪತ್ತು ದಾಟಿದ ಪ್ರೆಸ್ಸಿನ ಯಜಮಾನರೂ ಅಕ್ಕ ಎನ್ನುತ್ತಿದ್ದರು, ಕಾಗದ ತರುವ ಗಾಡಿಯವನೂ ಅಕ್ಕ ಎನ್ನುತ್ತಿದ್ದ. ಊರಿಗೆಲ್ಲ ಅಕ್ಕನಾದವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳುವವರು ಕಡಿಮೆ. ಅವಳೂ ದೇವರಲ್ಲದೆ ಬೇರೆಯವರ ಮುಂದೆ ಅದನ್ನು ಬಿಚ್ಚಿಟ್ಟವಳಲ್ಲ.

ಆಗ ಕೈಯಲ್ಲಿದ್ದದ್ದು ಹಸು ಎಮ್ಮೆಗಳ ಆರೈಕೆಯ ಬಗ್ಗೆ ದನದ ಡಾಕ್ಟರು ಬರೆದ ದಪ್ಪ ಪುಸ್ತಕ. ಒಳಗಿನದೆಲ್ಲ ಮುಗಿದು ಪದಸೂಚಿ ಮಾತ್ರ ಉಳಿದಿತ್ತು. ಪುಸ್ತಕದ ಕೊನೆಯಲ್ಲಿ ಯಾವ ಮಾತು ಯಾವ ಪುಟದಲ್ಲಿದೆ ಎಂದು ಹೇಳುವ ಭಾಗ. ಕಂಪ್ಯೂಟರಿನಲ್ಲಿ ಅದನ್ನು ಕೂತು ಬರೆಯುವುದಿಲ್ಲ. ಒಳಗಿನ ಪುಟಗಳಲ್ಲಿ ಬೇಕಾದ ಮಾತಿಗೆ ಗುರುತು ಹಾಕುತ್ತ ಹೋಗಬೇಕು. ಕೊನೆಗೆ ಅಪ್‌ಡೇಟ್ ಕೀ ಒತ್ತಿದರೆ ಗುರುತುಗಳೆಲ್ಲ ಕರೆದ ಮಕ್ಕಳಂತೆ ಓಡಿಬಂದು ಅಕಾರದಿಂದ ಸಾಲಾಗಿ ನಿಲ್ಲುತ್ತವೆ.

ಯಾವ ಮಾತಿಗೆ ಗುರುತು ಬೇಕು ಎನ್ನುವುದು ಡಾಕ್ಟರಿಗೇ ಗೊತ್ತು. ಹಾಗಾಗಿ ಅವರು ಬೆಳಗಿನ ಜಾವ ಕೊಟ್ಟಿಗೆಗಳನ್ನು ಸುತ್ತಲು ಹೋಗುವ ಮೊದಲು ಬಂದು, ಯಜಮಾನರಿಂದ ಬೀಗದ ಕೈ ಪಡೆದು, ಅವಳದೇ ಕುರ್ಚಿಯಲ್ಲಿ ಕೂತು ಗುರುತು ಹಾಕಿ ಹೋಗುತ್ತಿದ್ದರು. ಅವಳು ಬರುವಾಗ ಅವರಿಲ್ಲ. ಅವರು ಬಿಟ್ಟುಹೋದ ಪದಸೂಚಿ ಮಾತ್ರ ಇರುತ್ತಿತ್ತು, ನೋಡಿದರೆ ಕಣ್ಣು ಕುಕ್ಕುವಂತೆ. ಒಂದು ಮಾತು ದೊಡ್ಡದು, ಪಕ್ಕದ್ದು ಇರುವೆಯಷ್ಟು. ಒಂದು ಕೆಂಪು, ಇನ್ನೊಂದು ವಾಲಿದ್ದು. ಪುಟಸಂಖ್ಯೆಗಳಲ್ಲಿ ಕೆಲವು ದಪ್ಪ, ಕೆಲವು ತೆಳು.

ಅವಳು ಸಂಜೆ ಕೂತು ಎಲ್ಲವನ್ನೂ ಒಂದೇ ಅಳತೆಗೆ, ಒಂದೇ ಬಣ್ಣಕ್ಕೆ ತಂದು, ದಪ್ಪವನ್ನೆಲ್ಲ ತೆಗೆದು ಮನೆಗೆ ಹೋಗುವಳು. ಮರುದಿನ ಬಂದು ನೋಡಿದರೆ ಮತ್ತೆ ಅದೇ ಸಂತೆ. ಮತ್ತೆ ಸರಿ ಮಾಡುವಳು, ಮತ್ತೆ ಕೆಟ್ಟಿರುವುದು.

ಅವಳು ಯಜಮಾನರಿಗೆ ದೂರು ಹೇಳಿದಳು. ಡಾಕ್ಟರೂ ಹೇಳಿದ್ದರಂತೆ, ತಾವು ದಪ್ಪ ಮಾಡಿದ್ದನ್ನು ಯಾರೋ ದಿನಾ ಸಂಜೆ ಸಪ್ಪಗೆ ಮಾಡಿಡುತ್ತಾರೆ ಎಂದು. ಯಜಮಾನರು ಮಾತು ತಲುಪಿಸುವಾಗ ಒಂದು ಚಿಟಿಕೆ ಉಪ್ಪು ಸೇರಿಸದೆ ಬಿಡುವವರಲ್ಲ. ಅವಳ ಕಿವಿಗೆ ಬಂದು ಬಿದ್ದದ್ದು ಹೀಗೆ: ಹಸುವಿಗೆ ಇಂಜೆಕ್ಷನ್ ಕೊಡುವುದನ್ನೂ ಇನ್ನು ಅವರೇ ನನಗೆ ಹೇಳಿಕೊಡುತ್ತಾರೇನು ಎಂದರಂತೆ ಡಾಕ್ಟರು.

ಅದು ಅವಳಿಗೆ ನಾಟಿತು. ಮರುದಿನ ಕಳ್ಳನನ್ನು ಕದಿಯುವಾಗಲೇ ಹಿಡಿಯಬೇಕೆಂದು ಬೇಗ ಎದ್ದು, ಕೈಮುಗಿದು, ಅತ್ತಿಗೆ ಒಲೆ ಹಚ್ಚುವ ಮೊದಲೇ ಹೊರಟಳು.

ಮೆಟ್ಟಿಲ ಬುಡದಲ್ಲಿ ಮೊಣಕಾಲುದ್ದದ ಒಂದು ಜೊತೆ ರಬ್ಬರ್ ಬೂಟು, ತೊಳೆದು ಗೋಡೆಗೆ ಒರಗಿಸಿಟ್ಟದ್ದು. ಮಹಡಿಯನ್ನು ಕೆಸರು ಮಾಡಬಾರದೆಂದು ಬೂಟು ಬಿಟ್ಟು ಹತ್ತುವ ಮನುಷ್ಯ ತನ್ನ ಪದಸೂಚಿಯನ್ನೇಕೆ ಕೆಸರು ಮಾಡುತ್ತಾನೆ ಎಂದು ಅವಳಿಗೆ ಆಗಲೇ ಸ್ವಲ್ಪ ಅನುಮಾನ ಬಂತು. ಆದರೂ ಮುಖ ಬಿಗಿಮಾಡಿಕೊಂಡು ಹತ್ತಿದಳು.

ಕುರ್ಚಿಯಲ್ಲಿದ್ದವರಿಗೆ ನಲವತ್ತರ ಆಸುಪಾಸು. ತೋಳು ಮಡಚಿದ ಅಂಗಿ, ಡೆಟ್ಟಾಲಿನ ವಾಸನೆ, ಒಂದು ಕಾಲುಚೀಲದ ತುದಿಯಲ್ಲಿ ಹೊರಗೆ ಇಣುಕುವ ಹೆಬ್ಬೆರಳು. ಅವರು ಎದ್ದು ನಿಂತರು. ಎದ್ದದ್ದೇ ಹೆಬ್ಬೆರಳನ್ನು ಇನ್ನೊಂದು ಪಾದದ ಕೆಳಗೆ ಅಡಗಿಸಿಕೊಂಡರು. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವರೂ ನೋಡಿದರು.

“ನಿನ್ನೆ ಸಂಜೆ ಎಲ್ಲ ಸರಿ ಮಾಡಿ ಹೋಗಿದ್ದೆ,” ಎಂದಳು.

“ಸರಿ ಮಾಡೋದು ಅಂದ್ರೆ ಬೋಲ್ಡ್ ತೆಗೆಯೋದಾ?”

“ಒಂದು ದಪ್ಪ, ಒಂದು ತೆಳು ಇದ್ರೆ ಪುಸ್ತಕ ಅಂತಾರೇನ್ರೀ ಅದನ್ನ?”

ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. ಹೊಟ್ಟೆಯುಬ್ಬರ ಎನ್ನುವ ಮಾತಿನ ಮುಂದೆ ಪುಟಸಂಖ್ಯೆಗಳ ಉದ್ದನೆಯ ಬಾಲವಿತ್ತು. “ಒಬ್ಬನ ಹಸುವಿಗೆ ಹೊಟ್ಟೆ ಉಬ್ಬಿದೆ ಅಂತಿಟ್ಕೊಳ್ಳಿ. ಒಂದು ಕೈಯಲ್ಲಿ ಹಗ್ಗ ಹಿಡ್ಕೊಂಡಿದಾನೆ, ಇನ್ನೊಂದು ಕೈಯಲ್ಲಿ ಈ ಪುಸ್ತಕ. ಇಷ್ಟು ಪುಟದಲ್ಲಿ ಅವನು ಯಾವುದನ್ನ ತೆಗೀಬೇಕು? ಒಂದು ಕಡೆ ಯಾಕೆ ಬರುತ್ತೆ ಅಂತ ಇದೆ, ಇನ್ನೊಂದು ಕಡೆ ಯಾವ ಮೇವು ಕಾರಣ ಅಂತ. ಏನು ಮಾಡ್ಬೇಕು ಅಂತ ಇರೋದು ಒಂದೇ ಪುಟದಲ್ಲಿ. ಆ ಪುಟಕ್ಕೆ ನಾನು ಬೋಲ್ಡ್ ಹಾಕಿರೋದು.”

ಅವಳು ಆ ಬಾಲವನ್ನು ಇನ್ನೊಮ್ಮೆ ನೋಡಿದಳು. ಅಷ್ಟು ವರ್ಷ ಪುಟ ಕಟ್ಟಿದ್ದಳು. ಪುಸ್ತಕ ಓದುವವನ ಇನ್ನೊಂದು ಕೈಯಲ್ಲಿ ಹಗ್ಗ ಇರಬಹುದು ಎಂದು ಯೋಚಿಸಿರಲಿಲ್ಲ.

“ದಪ್ಪದ್ದು ಇರಲಿ,” ಎಂದಳು ಕೊನೆಗೆ, ದನಿ ತಗ್ಗಿಸಿ. “ಆದ್ರೆ ಈ ಕೆಂಪು ಯಾಕೆ?”

“ಕೆಂಪು ನಾನು ಮಾಡಿಲ್ಲ. ನೀವು ಮಾಡ್ತಿದೀರಿ ಅನ್ಕೊಂಡಿದ್ದೆ.”

ಅವರು ದಿನವೂ ಮಾಡುವುದನ್ನು ಮಾಡಿ ತೋರಿಸಲು ಹೇಳಿದಳು. ಡಾಕ್ಟರು ಒಂದು ಮಾತಿಗೆ ಹೊಸದಾಗಿ ಗುರುತು ಹಾಕಿ, ಅಪ್‌ಡೇಟ್ ಒತ್ತಿದರು. ಅಷ್ಟೇ. ಹಿಂದಿನ ಸಂಜೆ ಅವಳು ಮಾಡಿದ್ದೆಲ್ಲ ಕಣ್ಣೆದುರೇ ಕರಗಿ, ಕೆಂಪು, ವಾಲು, ದೊಡ್ಡದು, ಚಿಕ್ಕದು ಎಲ್ಲ ಎದ್ದುಬಂದವು. ಯಾರೂ ಏನೂ ಕೆಡಿಸಿರಲಿಲ್ಲ. ಪದಸೂಚಿ ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತಿತ್ತು, ಹುಟ್ಟುವಾಗ ಒಳಗಿನ ಗುರುತುಗಳ ಬಣ್ಣವನ್ನೇ ಹೊತ್ತು ಬರುತ್ತಿತ್ತು.

“ಜ್ವರ ಒಳಗಿದೆ. ನೀವು ಮೇಲೆ ಒದ್ದೆ ಬಟ್ಟೆ ಹಾಕ್ತಿದ್ರಿ,” ಎಂದರು ಡಾಕ್ಟರು.

ಅವಳು ಬಗ್ಗಿ ಒಂದು ಬಟನ್ ಒತ್ತಿ, ಮರೆಯಲ್ಲಿದ್ದ ಗುರುತುಗಳನ್ನು ಪುಟದ ಮೇಲೆ ಬರಿಸಿದಳು. ಪುಸ್ತಕದ ತುಂಬ ಬಾಗಿದ ಕಂಸಗಳು ಮೊಳೆತವು. ಒಂದೊಂದು ಕಂಸದೊಳಗೆ ಒಂದೊಂದು ಮಾತು, ತಾನು ಹುಟ್ಟಿದ ಜಾಗದ ಅಂಗಿ ತೊಟ್ಟುಕೊಂಡು. ಡಾಕ್ಟರು ಹಳೆಯ ಭಾಷಣಗಳಿಂದ, ಯಾವಾಗಲೋ ಹಂಚಿದ ಹಾಳೆಗಳಿಂದ ತುಂಡು ತಂದು ಜೋಡಿಸಿದ್ದರು. ಅವಳು ಆ ತುಂಡುಗಳ ಮೈ ತೊಳೆದಿದ್ದಳು. ಒಳಗೆ ಅಡಗಿದ್ದ ಗುರುತುಗಳು ಹಳೆಯ ಅಂಗಿಯಲ್ಲೇ ಉಳಿದಿದ್ದವು.

ಒಂದೊಂದಾಗಿ ಹುಡುಕಿ ಅಂಗಿ ಕಳಚಬೇಕು, ಬೇರೆ ದಾರಿಯಿಲ್ಲ ಎಂದಾಯಿತು. ಯಾವುದು ದಪ್ಪ ಉಳಿಯಬೇಕು ಎಂದು ಹೇಳಲು ಡಾಕ್ಟರು ಪಕ್ಕದಲ್ಲಿರಬೇಕು. ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದರು. “ಕಾಲುಚೀಲ ಬದಲಾಯಿಸಿಕೊಂಡು,” ಎಂದು ಸೇರಿಸಿ ಮೆಟ್ಟಿಲಿಳಿದರು.

ಅವಳು ನಕ್ಕದ್ದು ಅವರ ಬೂಟಿನ ಸದ್ದು ಬೀದಿ ಸೇರಿದ ಮೇಲೆ.

ಹೀಗೆ ಮಧ್ಯಾಹ್ನಗಳು ಶುರುವಾದವು. ಅವಳು ಗುರುತು ಹುಡುಕುವಳು, ಅವರು ನೋಡುವರು. ಮಧ್ಯೆ ಮಧ್ಯೆ ಮಾತು. ಯಾವುದೋ ಎಮ್ಮೆ ತಮ್ಮ ಕೈಗಡಿಯಾರ ನುಂಗಿದ್ದನ್ನು ಅವರು ಹೇಳಿದರು. ಹೊಟ್ಟೆಗೆ ಕಿವಿಯಿಟ್ಟರೆ ಟಿಕ್ ಟಿಕ್ ಕೇಳುತ್ತಿತ್ತು ಎಂದು ಮುಖ ಅಲ್ಲಾಡಿಸದೆ ಹೇಳಿದರು. ಅದು ಸುಳ್ಳೆಂದು ಅವಳಿಗೆ ಗೊತ್ತಾಗುವ ಹೊತ್ತಿಗೆ ಎರಡು ಗುರುತು ದಾಟಿಹೋಗಿತ್ತು. ಮದುವೆ ಯಾಕಾಗಲಿಲ್ಲ ಡಾಕ್ಟರೇ ಎಂದು ಯಜಮಾನರು ಒಮ್ಮೆ ಮೆಟ್ಟಿಲಲ್ಲೇ ನಿಂತು ಕೇಳಿದಾಗ, ತಾವು ಮಾತುಕತೆಗೆ ಕೂತಾಗಲೆಲ್ಲ ಯಾರದೋ ಹಸು ಕರು ಹಾಕುತ್ತಿತ್ತು, ತಾವು ಎದ್ದು ಹೋಗಬೇಕಾಗುತ್ತಿತ್ತು, ಬರುವಷ್ಟರಲ್ಲಿ ಮಾತುಕತೆಯೂ ಎದ್ದು ಹೋಗಿರುತ್ತಿತ್ತು ಎಂದರು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆದರೆ ಆ ಪುಟದಲ್ಲಿ ಒಂದು ಕೆಂಪು ಗುರುತನ್ನು ಬಿಟ್ಟಳು. ಡಾಕ್ಟರು ಅದನ್ನು ತೋರಿಸಿದಾಗ ಕಿವಿ ಬಿಸಿಯಾಯಿತು.

ಅವಳ ಮೊಣಕೈ ಪಕ್ಕ ನೀರಿನ ಲೋಟ ಇಟ್ಟರೆ ಅದನ್ನು ಒಂದು ಗೇಣು ಆಚೆ ಸರಿಸುವುದು ಅವರ ಅಭ್ಯಾಸ. ಒದೆಯುವ ಪ್ರಾಣಿಗಳ ನಡುವೆ ಬಾಳಿದವರು. ಹಾಗೆ ಸರಿಸುವಾಗ ಕೈಯ ಮೇಲಿನ ಹಳೆಯ ಗಾಯದ ಗೆರೆ ಕಾಣುತ್ತಿತ್ತು. ಅದು ಯಾವ ಹಸುವಿನ ಕೊಂಬು ಎಂದು ಕೇಳಬೇಕೆಂದು ಅವಳಿಗೆ ದಿನವೂ ಅನಿಸುತ್ತಿತ್ತು, ದಿನವೂ ಮರುದಿನಕ್ಕೆ ಇಟ್ಟುಕೊಳ್ಳುತ್ತಿದ್ದಳು.

ಮನೆಯಲ್ಲಿ ಅತ್ತಿಗೆಗೆ ಮಾತ್ರ ಗಾಳಿ ಯಾವ ಕಡೆಯಿಂದ ಎಂದು ಗೊತ್ತಾಯಿತು. ಅವಳು ತಟ್ಟೆ ತೊಳೆಯುತ್ತ ಕೇಳಿದಳು, ಆ ಡಾಕ್ಟರು ನಿನ್ನನ್ನು ಏನೆಂದು ಕರೆಯುತ್ತಾರೆ. ಪುಟದಕ್ಕ ಯೋಚಿಸಿ, “ನೋಡ್ರೀ ಅಂತಾರೆ,” ಎಂದಳು.

“ಅಕ್ಕ ಅನ್ನಲ್ವಾ?”

“ಇಲ್ಲ.”

“ಒಂದು ಸಲಾನೂ?”

“ಇಲ್ಲ ಅತ್ತಿಗೆ.”

ಅತ್ತಿಗೆ ತಟ್ಟೆ ಒರೆಸಿ ಗೂಡಿನಲ್ಲಿಟ್ಟಳು. “ಯಜಮಾನರೇ ಅಕ್ಕ ಅನ್ನೋವಾಗ ಈ ಪುಣ್ಯಾತ್ಮ ನಾಲಿಗೆ ಬಿಗಿ ಹಿಡ್ದಿದಾನೆ ಅಂದ್ರೆ ಸುಮ್ಮನೆ ಅಲ್ಲ ಕಣೇ,” ಎಂದು ದೀಪ ಆರಿಸಿ ಹೋದಳು.

ಆದರೆ ಇನ್ನೊಂದು ಮಾತಿತ್ತು. ಈ ಪುಸ್ತಕದ ನಂತರ ಯಜಮಾನರು ಮಹಡಿಯ ಕೋಣೆ ಮುಚ್ಚುವವರಿದ್ದರು. ಪುಟ ಕಟ್ಟಿಸಿಕೊಂಡೇ ಬರುವವರು ಹೆಚ್ಚಾಗಿದ್ದರು, ಕೆಳಗಿನ ಯಂತ್ರ ಒಂದಿದ್ದರೆ ಸಾಕು. ತಾವೇ ಫೋನ್ ಮಾಡಿ ದೂರದ ದೊಡ್ಡ ಊರಿನ ಒಂದು ಪ್ರೆಸ್ಸಿನಲ್ಲಿ ಅವಳಿಗೆ ಜಾಗ ನೋಡಿದ್ದರು. ಸೋಮವಾರದೊಳಗೆ ಹೂಂ ಎನ್ನಬೇಕು. ಹೂಂ ಎಂದರೆ ಗಂಟುಮೂಟೆ ಕಟ್ಟಬೇಕು. ಪುಸ್ತಕ ಮುಗಿಯುವುದಕ್ಕೂ ಅವಳು ಹೊರಡುವುದಕ್ಕೂ ನಡುವೆ ಒಂದು ಪದಸೂಚಿ ಮಾತ್ರ ನಿಂತಿತ್ತು.

ಮಂಗಳವಾರ ಡಾಕ್ಟರು ಬರುವ ಮೊದಲು, ಬೇರೇನನ್ನೋ ಹುಡುಕುತ್ತ ಅವಳು ಸಾಫ್ಟ್‌ವೇರಿನ ಸಹಾಯದ ಪುಟ ತೆರೆದಳು. ಅಲ್ಲಿ ಹತ್ತಿರದ ದಾರಿ ಇತ್ತು. ಹುಡುಕುವ ಕಿಟಕಿಯಲ್ಲಿ ಒಂದು ಸಂಕೇತ ಕೊಟ್ಟರೆ ಪುಸ್ತಕದಲ್ಲಿರುವ ಗುರುತುಗಳೆಲ್ಲ ಒಂದೇ ಬಲೆಗೆ ಬೀಳುತ್ತವೆ. ಒಂದೇ ಸಲಕ್ಕೆ ಎಲ್ಲದರ ಅಂಗಿ ಕಳಚಬಹುದು. ದಪ್ಪ ಪುಟಸಂಖ್ಯೆಗೂ ಭಯವಿಲ್ಲ, ಅದು ಮೇಲಿನ ಅಂಗಿಯಲ್ಲ, ಗುರುತಿನ ಒಳಗೇ ಬರೆದ ಸೂಚನೆ. ಪದಸೂಚಿಯ ಸ್ಟೈಲನ್ನು, ಅಂದರೆ ಅಕ್ಷರದ ಅಳತೆ ಬಣ್ಣಗಳ ಕಟ್ಟಳೆಯನ್ನು, ಒಮ್ಮೆ ಸರಿಯಾಗಿ ಇಟ್ಟರೆ ಮತ್ತೆ ಕೆಡುವುದೂ ಇಲ್ಲ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿನ ಕೆಲಸ.

ಅವಳು ಆ ಪುಟವನ್ನು ಎರಡು ಸಲ ಓದಿದಳು. ಮೆಟ್ಟಿಲ ಬುಡದಲ್ಲಿ ಬೂಟು ಕಳಚುವ ಸದ್ದು ಕೇಳಿತು. ಅವಳು ಪುಟ ಮುಚ್ಚಿದಳು.

ಆ ರಾತ್ರಿ ದೇವರ ಮುಂದೆ ಕೈಮುಗಿದಾಗ ಮಾತು ಹೊರಡಲಿಲ್ಲ. ಕೆಲಸದಲ್ಲಿ ಕಳ್ಳತನ ಮಾಡಿದವಳಲ್ಲ ಅವಳು. ಇದು ಕಳ್ಳತನವೇ, ಕದ್ದದ್ದು ಒಂದು ಮಧ್ಯಾಹ್ನ. ನೀನು ಬಲ್ಲೆ, ಎಂದಷ್ಟೇ ಹೇಳಿ ಮಲಗಿದಳು.

ಶುಕ್ರವಾರ ಬಂತು. ಇನ್ನೂ ಅರ್ಧ ಪುಸ್ತಕ ಉಳಿದಿತ್ತು. ಯಜಮಾನರು ಏದುಸಿರು ಬಿಡುತ್ತ ಮಹಡಿ ಹತ್ತಿದರು. ಅವರಿಗೆ ಚೊಕ್ಕ ಪುಟ ಕಾಣಲಿ ಎಂದು ಅವಳು ಗುರುತುಗಳನ್ನು ಮರೆಗೆ ಸರಿಸಿದಳು. ಅವರು ಕನ್ನಡಕ ಏರಿಸಿ ನೋಡಿ, ಇಬ್ಬರನ್ನೂ ನೋಡಿ, “ಬಸವನಹುಳ ಇದಕ್ಕಿಂತ ಜೋರಾಗಿ ಹೋಗುತ್ತೆ ಅಕ್ಕಾ. ನಾಳೆ ಬೆಳಿಗ್ಗೆ ಯಂತ್ರಕ್ಕೆ ಹಾಕ್ಲೇಬೇಕು, ದೊಡ್ಡ ಊರಿನ ಕೆಲಸಕ್ಕೂ ಸೋಮವಾರದೊಳಗೆ ಉತ್ತರ ಕೇಳ್ತಿದಾರೆ,” ಎಂದು ಇಳಿದುಹೋದರು.

ಡಾಕ್ಟರು ಕೇಳಿಸಿಕೊಂಡರು. ನೀರಿನ ಲೋಟವನ್ನು ಸರಿಸಿದರು, ಅದು ಆಗಲೇ ದೂರದಲ್ಲಿದ್ದರೂ.

“ಒಂದು ಹತ್ತಿರದ ದಾರಿ ಇದ್ದ ಹಾಗಿದೆ,” ಎಂದಳು ಅವಳು. “ನೋಡೋಣ.”

ಹುಡುಕುವ ಕಿಟಕಿ ತೆರೆದಳು. ಸಂಕೇತ ಕೊಟ್ಟು ಒತ್ತಿದಳು. ಏನೂ ಸಿಗಲಿಲ್ಲ ಎಂದಿತು ಕಂಪ್ಯೂಟರ್. ಮತ್ತೆ ಒತ್ತಿದಳು. ಮತ್ತೆ ಅದೇ.

“ಮರೆಗೆ ಸರಿಸಿದ್ರಲ್ಲ, ಅದನ್ನ ಮೊದಲು ಮುಂದೆ ತನ್ನಿ,” ಎಂದರು ಡಾಕ್ಟರು ಮೆಲ್ಲಗೆ. “ಕಾಣದೇ ಇರೋದನ್ನ ಇದು ಹುಡುಕಲ್ಲ.”

ಅವಳ ಕೈ ನಿಂತಿತು. ತಿರುಗಿದಳು. ಡಾಕ್ಟರು ಕಾಲುಚೀಲ ನೋಡುತ್ತಿದ್ದರು, ಹೊಸದಾಗಿತ್ತು, ಅಲ್ಲಿ ನೋಡಲು ಏನೂ ಇರಲಿಲ್ಲ.

“ನಿಮಗೆ ಗೊತ್ತಿತ್ತಾ ಇದು?”

“ಬುಧವಾರದಿಂದ. ಒಂದು ಎಮ್ಮೆ ಕರು ಹಾಕೋದಕ್ಕೆ ತಡ ಮಾಡ್ತು. ಕೊಟ್ಟಿಗೇಲಿ ಕೂತು ಫೋನಲ್ಲಿ ನೋಡ್ದೆ.”

“ಮತ್ತೆ ಹೇಳ್ಲಿಲ್ಲ?”

“ನಿಮಗೆ ಯಾವಾಗಿಂದ ಗೊತ್ತು?”

ಸುಳ್ಳು ಹೇಳಬಹುದಿತ್ತು. ಸುಳ್ಳು ಸಾಕಾಗಿತ್ತು. “ಮಂಗಳವಾರದಿಂದ,” ಎಂದಳು.

ಡಾಕ್ಟರು ಲೆಕ್ಕ ಹಾಕಿದವರಂತೆ ತಲೆ ಅಲ್ಲಾಡಿಸಿದರು. “ಹಾಗಾದ್ರೆ ನನಗಿಂತ ನೀವು ಒಂದು ದಿನ ದೊಡ್ಡ ಕಳ್ಳರು.”

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. ಅದನ್ನು ಮರೆಸಲು ಪರದೆಗೆ ತಿರುಗಿ ಗುರುತುಗಳನ್ನು ಮುಂದೆ ತಂದಳು, ಎಲ್ಲವನ್ನೂ ಹಿಡಿದಳು, ಎಲ್ಲದರ ಅಂಗಿ ಕಳಚಿದಳು. ಸ್ಟೈಲನ್ನು ಒಮ್ಮೆ ಸರಿಯಾಗಿಟ್ಟಳು. ಕೊನೆಯ ಕೀ ನೀವೇ ಒತ್ತಿ ಎಂದಳು. ಡಾಕ್ಟರು ಒತ್ತಿದರು.

ಪದಸೂಚಿ ಕೊನೆಯ ಸಲ ಹುಟ್ಟಿತು. ಒಂದೇ ಅಳತೆ, ಒಂದೇ ಬಣ್ಣ. ಹೊಟ್ಟೆಯುಬ್ಬರದ ಮುಂದೆ ಉದ್ದನೆಯ ಬಾಲದಲ್ಲಿ ಒಂದೇ ಒಂದು ಪುಟ ದಪ್ಪಗೆ, ಕತ್ತಲಲ್ಲಿ ಹಚ್ಚಿಟ್ಟ ದೀಪದ ಹಾಗೆ. ಮತ್ತೊಮ್ಮೆ ಒತ್ತಿದರು. ಏನೂ ಕೆಡಲಿಲ್ಲ.

ಕೆಳಗೆ ಯಂತ್ರ ನಿಂತಿತು, ಕಿಟಕಿಯ ಗಾಜೂ ನಿಂತಿತು. ಕೆಲಸ ಮುಗಿದಿತ್ತು. ಇಬ್ಬರೂ ಏಳಲಿಲ್ಲ.

“ಇನ್ನೊಂದು ಪುಸ್ತಕ ಬರೀಲಾ,” ಎಂದರು ಡಾಕ್ಟರು, “ಇಲ್ಲ ಬಾಯಿಬಿಟ್ಟೇ ಹೇಳ್ಬಿಡ್ಲಾ?”

“ಪುಸ್ತಕಕ್ಕೆ ವರ್ಷಗಟ್ಟಲೆ ಬೇಕು. ಹೇಳ್ಬಿಡಿ.”

ಅವರು ಹೇಳಿದರು. ಹಸುವನ್ನು ಕೊಳ್ಳಲು ಬಂದವನಿಗೆ ಮೊದಲು ದೋಷಗಳನ್ನೇ ಹೇಳುವ ಪ್ರಾಮಾಣಿಕನಂತೆ ಹೇಳಿದರು. ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುವವರಲ್ಲ. ಬಟ್ಟೆಯಿಂದ ಕೊಟ್ಟಿಗೆಯ ವಾಸನೆ ಹೋಗುವುದಿಲ್ಲ. ಮಾತಿನ ನಡುವೆ ಎದ್ದು ಹೋಗುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ದೇವರಿಗೇ ಗೊತ್ತು. ಮನೆಯ ಮುಂದಿನ ಕೋಣೆ ಖಾಲಿ ಇದೆ, ಒಂದು ಕಂಪ್ಯೂಟರಿಗೆ ಬೆಳಕು ಸಾಕಷ್ಟಿದೆ. ದೊಡ್ಡ ಊರಿನ ಕೆಲಸ ಒಳ್ಳೆಯದೇ, ಅದಕ್ಕೆ ಹೋಗುವುದಾದರೆ ತಾವು ತಡೆಯುವವರಲ್ಲ. ಹೀಗೆ ಒಂದಕ್ಕೊಂದು ಸೇರದ ಹತ್ತು ಮಾತು ಹೇಳಿ ನಿಲ್ಲಿಸಿದರು.

ಅವಳು ಎಲ್ಲ ಕೇಳಿ, “ಇದರಲ್ಲಿ ದಪ್ಪಕ್ಷರದ್ದು ಯಾವುದು?” ಎಂದಳು.

ಡಾಕ್ಟರು ಅವಳ ಮುಖವನ್ನು ನೇರವಾಗಿ ನೋಡಿದರು. “ಹೋಗ್ಬೇಡಿ ಅನ್ನೋದು.”

ಅವಳು ಕೈ ಚಾಚಿ ಅವರ ಕೈಯ ಮೇಲಿನ ಗಾಯದ ಗೆರೆಯನ್ನು ಒಂದೇ ಬೆರಳಿನಿಂದ ಮುಟ್ಟಿದಳು. “ಇದು ಯಾವ ಹಸು?”

“ಹಸು ಅಲ್ಲ. ಡಬ್ಬದ ಮುಚ್ಚಳ.”

ಅಷ್ಟು ದಿನ ಕಾದಿಟ್ಟ ಪ್ರಶ್ನೆಗೆ ಇಂಥ ಉತ್ತರವೇ ಎಂದು ಅವಳು ನಕ್ಕಳು. ಕೆಳಗಿನಿಂದ ಯಜಮಾನರು ಮುಗಿಯಿತೇನಕ್ಕಾ ಎಂದು ಕೂಗಿದರು. ಮುಗಿಯಿತು ಎಂದಳು. ದೊಡ್ಡ ಊರಿಗೆ ಏನು ಹೇಳಲಿ ಎಂದು ಮತ್ತೆ ಕೂಗಿದರು. “ಬರಲ್ಲ ಅಂತ ಹೇಳಿ,” ಎಂದಳು. ಕೆಳಗಿನಿಂದ ಯಜಮಾನರ ಕೆಮ್ಮು ಕೇಳಿತು, ಅದು ಕೆಮ್ಮೋ ನಗುವೋ ದೇವರೇ ಬಲ್ಲ.

ಪುಸ್ತಕ ಬಂದು, ಮದುವೆಯೂ ಆಗಿ, ಮುಂದಿನ ಕೋಣೆಯಲ್ಲಿ ಅವಳ ಕಂಪ್ಯೂಟರ್ ಬಂದು ಕೂತ ಮೇಲೆ, ಒಂದು ಬೆಳಿಗ್ಗೆ ಬಾಗಿಲು ಬಡಿಯಿತು. ಡಾಕ್ಟರು ಇನ್ನೊಂದು ಕೊಟ್ಟಿಗೆಗೆ ಹೋಗಿದ್ದರು. ಬಾಗಿಲಲ್ಲಿ ಓಡಿಬಂದ ಹೆಂಗಸು. ಹಸುವಿನ ಎಡಪಕ್ಕೆ ನಗಾರಿಯಂತೆ ಊದಿದೆ, ನಿಲ್ಲಲೂ ಆಗುತ್ತಿಲ್ಲ ಎಂದಳು. ಪುಟದಕ್ಕ ಒಂದು ಕೈಯಲ್ಲಿ ಫೋನ್ ಹಿಡಿದು ಗಂಡನಿಗೆ ಕರೆ ಮಾಡಿದಳು. ಇನ್ನೊಂದು ಕೈಯಲ್ಲಿ ಗೂಡಿನಿಂದ ಪುಸ್ತಕ ತೆಗೆದಳು. ಕೊನೆಯ ಹಾಳೆಗಳು. ಹೊಟ್ಟೆಯುಬ್ಬರ. ಉದ್ದನೆಯ ಬಾಲ. ಅವಳು ಎಷ್ಟೋ ಸಂಜೆ ತನ್ನ ಕೈಯಾರೆ ತೆಳು ಮಾಡಿದ್ದ ಆ ಒಂದು ಪುಟ ದಪ್ಪಗೆ ನಿಂತಿತ್ತು.

ಆ ಪುಟ ತೆರೆದು ನಿಧಾನವಾಗಿ ಓದಿ ಹೇಳಿದಳು. ಮುಂಗಾಲು ಎತ್ತರದಲ್ಲಿರುವ ಹಾಗೆ ದಿಬ್ಬಕ್ಕೆ ಮುಖ ಮಾಡಿ ನಿಲ್ಲಿಸಬೇಕು. ಬಾಯಿಗೆ ಅಡ್ಡವಾಗಿ ಒಂದು ಕೋಲು ಕಟ್ಟಬೇಕು, ಅದನ್ನು ಅಗಿಯುತ್ತಿದ್ದರೆ ಗಾಳಿ ಹೊರಬರುತ್ತದೆ. ಮಲಗಲು ಬಿಡಬಾರದು. ಡಾಕ್ಟರು ಹೊರಟಿದ್ದಾರೆ. ಹೆಂಗಸು ಕೇಳಿಸಿಕೊಂಡು ಬಂದ ದಾರಿಯಲ್ಲೇ ಓಡಿದಳು.

ಡಾಕ್ಟರು ಮನೆಗೆ ಬಂದಾಗ ಬಿಸಿಲು ಏರಿತ್ತು. ಬೂಟು ತೊಳೆದು ಗೋಡೆಗೆ ಒರಗಿಸಿ ಒಳಗೆ ಬಂದರು. ಹಸು ಉಳಿಯಿತು, ಮೇವು ಮೂಸುತ್ತಿದೆ ಎಂದರು. ತಾವು ಹೋಗುವಷ್ಟರಲ್ಲಿ ಕೋಲು ಕಟ್ಟಿ ದಿಬ್ಬಕ್ಕೆ ನಿಲ್ಲಿಸಿದ್ದರು, ಅದಿಲ್ಲದಿದ್ದರೆ ಕಷ್ಟವಿತ್ತು ಎಂದರು.

ಅವಳು ಊಟದ ತಟ್ಟೆ ಇಟ್ಟಳು. ಅವರು ನೀರಿನ ಲೋಟವನ್ನು ಅವಳ ಮೊಣಕೈಯಿಂದ ಒಂದು ಗೇಣು ಆಚೆ ಸರಿಸಿ ಕೂತರು. ಹೊತ್ತಿನ ಊಟವಲ್ಲ. ಆದರೂ ಅವಳು ಉಣ್ಣದೆ ಕಾದಿದ್ದಳು.